ವಾಲ್ವಿನೊಳಗಿನ ಬರಹ

ಕೃಷ್ಣೆಯೂ ಮಲಪ್ರಭೆಯೂ ಒಂದಾಗುವ ಕೂಡಲಸಂಗಮಕ್ಕೆ ಹೆಚ್ಚು ದೂರವಲ್ಲದ ಹುನಗುಂದ ಸೀಮೆಯ ಎರಿಹೊಲಗಳಿಗೆ, ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ, ಒತ್ತಡದ ಕೊಳವೆಗಳಲ್ಲಿ ಸಾಗಿಸಿ, 24,000 ಹೆಕ್ಟೇರ್ ನೆಲಕ್ಕೆ ಹನಿಹನಿಯಾಗಿ ಉಣಿಸಬೇಕೆಂಬ ಸಂಕಲ್ಪದಿಂದ ಕೃಷ್ಣಾ ಭಾಗ್ಯ ಜಲ ನಿಗಮವು ಕೈಗೊಂಡ ರಾಮಥಾಳ ಹನಿ ನೀರಾವರಿ ಯೋಜನೆಯು, ಏಷ್ಯಾ ಖಂಡದಲ್ಲಿಯೇ ಬಹು ದೊಡ್ಡವುಗಳಲ್ಲೊಂದೆಂಬ ಖ್ಯಾತಿಯೊಡನೆ ಕಳೆದ ದಶಕದಲ್ಲಿ ಕಾರ್ಯಾರಂಭ ಮಾಡಿದುದನ್ನು ವಾಚಕರು ಮರೆತಿರಲಾರರು. ಅದರ ವೆಚ್ಚದ ವಿಷಯವಾಗಿಯೂ ಫಲಾಫಲಗಳ ವಿಷಯವಾಗಿಯೂ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಅಂಥ ಯೋಜನೆಗಳೆಲ್ಲದರ ಒಡಲಿನಲ್ಲಿ ಅಡಗಿ ಕುಳಿತು, ಯಾವ ವಾಲ್ವು ಯಾವಾಗ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ತೀರ್ಮಾನಿಸುವ ಒಂದು ಅತಿಸಣ್ಣ ವಸ್ತುವಿನ ಬಗೆಗೆ ನಮ್ಮ ಶಾಸನಸಭೆಯಲ್ಲಾಗಲಿ ಪತ್ರಿಕೆಗಳಲ್ಲಾಗಲಿ ಯಾರೂ ಮಾತೆತ್ತಿದಂತೆ ಕಾಣುವುದಿಲ್ಲ. ಅದೇ ಮೈಕ್ರೋಕಂಟ್ರೋಲರ್ ಎಂಬ ಚಿಪ್. ಸಾರ್ವಜನಿಕರ ಹಣದಿಂದ ಹೊಲಕ್ಕೆ ಬಂದ ಆ ಚಿಪ್ಪಿನೊಳಗಿನ ಆದೇಶಗಳ ಬರಹವು ಸಾರ್ವಜನಿಕರ ಸ್ವತ್ತಾಗಬೇಕು, ಅದನ್ನು ಓದಿ ತಿದ್ದಬಲ್ಲವರು ಬಾಗಲಕೋಟೆ ಜಿಲ್ಲೆಯಲ್ಲಿಯೇ ಸಿದ್ಧರಾಗಬೇಕು ಎಂಬುದು ನನ್ನ ವಾದ.

ನೀರನ್ನು ಅಳೆದು ಕೊಡುವುದು ಈ ನಾಡಿಗೆ ಏಕೆ ಅಗತ್ಯವೆಂಬುದನ್ನು ಮೊದಲು ನೋಡಬೇಕು. ವರ್ಷವೊಂದಕ್ಕೆ ಸರಾಸರಿ 600 ಮಿಲಿಮೀಟರ್ ಮಳೆಯೂ ಬೀಳದ ಬಾಗಲಕೋಟೆ ಜಿಲ್ಲೆಯಲ್ಲಿ, ಹಿಂಗಾರಿಯ ಬಿಳಿಜೋಳವೂ ಕಡಲೆಯೂ ಎರಿಮಣ್ಣು ತನ್ನೊಳಗೆ ಹಿಡಿದಿಟ್ಟುಕೊಂಡ ತೇವವನ್ನೇ ನಂಬಿ ಬೆಳೆಯತಕ್ಕವು. ಆ ತೇವವು ಹರಿದುಹೋಗದಂತೆ ಒಡ್ಡು ಹಾಕಿ ಉಳಿಸಿಕೊಳ್ಳುವ ವಿದ್ಯೆಯಲ್ಲಿ ಹುನಗುಂದದ ಒಕ್ಕಲಿಗರು ಬಹುಕಾಲದಿಂದ ನಿಪುಣರು. ಹೀಗೆ ನೀರನ್ನು ಹಿಡಿದಿಡುವ ಗುಣವೇ ಅತಿಯಾಗಿ ನೀರು ಕೊಟ್ಟಾಗ ದೋಷವಾಗಿ ಪರಿಣಮಿಸುತ್ತದೆ. ಮಲಪ್ರಭಾ, ಘಟಪ್ರಭಾ ಕಾಲುವೆಗಳ ಅಚ್ಚುಕಟ್ಟಿನಲ್ಲಿ ಎಷ್ಟೋ ಫಲವತ್ತಾದ ಭೂಮಿ ಮಿತಿಮೀರಿ ಹಾಯಿಸಿದ ನೀರಿನಿಂದ ಸವಳು ಜವಳಾಗಿ ಕೆಟ್ಟುಹೋದುದು ಕಣ್ಣೆದುರಿಗಿರುವ ಸಂಗತಿ. ಆದುದರಿಂದ ಹನಿ ನೀರಾವರಿಯನ್ನು ಇಲ್ಲಿ ವಿಲಾಸವೆಂದು ಎಣಿಸಲಾಗದು. ಆದರೆ ಸಾವಿರಾರು ಹಿಡುವಳಿಗಳಿಗೆ ಸರದಿಯ ಮೇಲೆ ನೀರು ಹಂಚುವ ಜಾಲದಲ್ಲಿ, ಪ್ರತಿಯೊಂದು ವಾಲ್ವಿನ ಬಳಿಗೂ ಆಳು ನಡೆದು ಹೋಗಿ ತಿರುಗಿಸಿ ಬರುವುದು ಆಗದ ಮಾತು. ಅಲ್ಲಿಯೇ ಈ ಚಿಪ್ಪಿನ ಕೆಲಸ ಆರಂಭವಾಗುತ್ತದೆ.

ಲೆಕ್ಕ ಮಾಡುವ ಅಂಗ, ಆದೇಶಗಳ ಬರಹವನ್ನು ಕಾದಿಡುವ ಸ್ಮೃತಿ, ಕಾಲವನ್ನು ಎಣಿಸುವ ಗಡಿಯಾರ, ಹೊರಗಿನ ತೇವವನ್ನೋ ಒತ್ತಡವನ್ನೋ ಅಳೆದು ತಿಳಿಯುವ ಸಾಧನ, ಹೊರಕ್ಕೆ ಆಜ್ಞೆಯನ್ನು ರವಾನಿಸುವ ದ್ವಾರಗಳು, ಇವೆಲ್ಲವನ್ನೂ ಒಂದೇ ಸಿಲಿಕಾನ್ ಚೂರಿನಲ್ಲಿ ಅಡಕಗೊಳಿಸಿದ ರಚನೆಯೇ ಮೈಕ್ರೋಕಂಟ್ರೋಲರ್. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1974ರಲ್ಲಿ ಮಾರುಕಟ್ಟೆಗೆ ತಂದ ಟಿಎಂಎಸ್1000 ಮೊದಲ್ಗೊಂಡು, 1980ರಲ್ಲಿ ಬಂದು ಇಂದಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಾಠವಾಗುತ್ತಿರುವ ಇಂಟೆಲ್ 8051ರ ಮೂಲಕ, ಅಲ್ಪವಿದ್ಯುತ್ತಿನಲ್ಲಿ ನಡೆಯುವುದನ್ನೇ ಪರಮಧ್ಯೇಯವಾಗಿಟ್ಟುಕೊಂಡು 1990ರ ದಶಕದಲ್ಲಿ ರೂಪುಗೊಂಡ ಎಂಎಸ್‌ಪಿ430 ವರ್ಗದವರೆಗೆ ಇದರ ವಂಶಾವಳಿ ಹಬ್ಬಿದೆ. ಆ ವರ್ಗದ ಒಂದು ಸಾಧಾರಣ ಚಿಪ್ಪಾದ ಜಿ2553ರಲ್ಲಿ ಆದೇಶಗಳ ಬರಹಕ್ಕೆ ಇರುವ ಸ್ಥಳ 16 ಕಿಲೋಬೈಟ್. ತಾತ್ಕಾಲಿಕ ಸ್ಮೃತಿ 512 ಬೈಟ್. ನೀವು ಈಗ ಓದುತ್ತಿರುವ ಲೇಖನವನ್ನು ಕನ್ನಡ ಲಿಪಿಯಲ್ಲಿ ಅದರೊಳಗೆ ತುಂಬಹೊರಟರೆ ಅರ್ಧಭಾಗವೂ ಹಿಡಿಸದು. ಆದರೂ ಹತ್ತಾರು ವಾಲ್ವುಗಳ ಸರದಿಯನ್ನು ನಡೆಸುವುದಕ್ಕೆ ಅಷ್ಟು ಸ್ಥಳ ಸಾಕಾಗಿ ಮಿಗುತ್ತದೆ.

ಇದರ ಅಲ್ಪಾಹಾರದ ಪರಿಯನ್ನು ಅಂಕಿಗಳಲ್ಲಿ ನೋಡಿದರೇನೇ ನಂಬಿಕೆ ಹುಟ್ಟೀತು. ತಯಾರಕರು ಪ್ರಕಟಿಸಿರುವ ವಿವರದಂತೆ, ಸೆಕೆಂಡಿಗೆ 10 ಲಕ್ಷ ಸ್ಪಂದನಗಳ ವೇಗದಲ್ಲಿ ಎಚ್ಚರವಾಗಿ ದುಡಿಯುವಾಗ ಆ ಚಿಪ್ಪು ಎಳೆಯುವ ಪ್ರವಾಹ 230 ಮೈಕ್ರೋಆಂಪಿಯರ್. ಗಡಿಯಾರವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಆರಿಸಿ ನಿದ್ರಿಸುವಾಗ ಅರ್ಧ ಮೈಕ್ರೋಆಂಪಿಯರ್. ಆ ನಿದ್ರೆಯಿಂದ ಏಳುವುದಕ್ಕೆ ಅದು ತೆಗೆದುಕೊಳ್ಳುವ ಕಾಲ ಒಂದು ಸೆಕೆಂಡಿನ 10 ಲಕ್ಷದ ಒಂದು ಭಾಗಕ್ಕಿಂತಲೂ ಕಡಮೆ. ಹತ್ತು ನಿಮಿಷಕ್ಕೊಮ್ಮೆ ಎದ್ದು, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು ಮಣ್ಣಿನ ತೇವವನ್ನು ಅಳೆದು, ಮಾಡಬೇಕಾದುದನ್ನು ಮಾಡಿ ಮತ್ತೆ ಮಲಗುವಂತೆ ಬರಹವನ್ನು ರಚಿಸಿದರೆ, ಸರಾಸರಿ ವ್ಯಯವು ಒಂದು ಮೈಕ್ರೋಆಂಪಿಯರಿನೊಳಗೇ ಉಳಿಯುತ್ತದೆ. ಗಡಿಯಾರದ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ದೊರೆಯುವ ನಾಣ್ಯದಾಕಾರದ ಲಿಥಿಯಂ ಸೆಲ್ಲಿನಲ್ಲಿ ಸುಮಾರು 225 ಮಿಲಿಆಂಪಿಯರ್ ಗಂಟೆಗಳ ಶಕ್ತಿ ಇರುವುದರಿಂದ, ಲೆಕ್ಕದ ಪ್ರಕಾರ ಅದು 25 ವರ್ಷಗಳಿಗೂ ಮಿಕ್ಕು ಬಾಳಬೇಕು. ಸೆಲ್ಲು ತನ್ನಷ್ಟಕ್ಕೇ ಸವೆಯುವುದರಿಂದ ಅಷ್ಟು ಕಾಲ ನಿಲ್ಲದೆಂಬುದೊಂದೇ ಇದಕ್ಕೆ ಅಡ್ಡಿ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಲಾಗದು. ತಯಾರಕರು ಕೊಡುವ ನಿದ್ರಾವಸ್ಥೆಯ ಅಂಕಿ 25 ಡಿಗ್ರಿ ಉಷ್ಣತೆಯ ಪ್ರಯೋಗಶಾಲೆಯದು. ಇಳಕಲ್ಲ ಹುನಗುಂದಗಳ ವೈಶಾಖಮಾಸದ್ದಲ್ಲ. ನೆರಳಿನಲ್ಲಿಯೇ 40 ಡಿಗ್ರಿ ದಾಟುವ ದಿನಗಳಲ್ಲಿ, ಬಿಸಿಲಿಗೆ ಮೈಯೊಡ್ಡಿ ನಿಂತ, ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆಯ ಒಳಗಿನ ಉಷ್ಣತೆ ಹೊರಗಿನದಕ್ಕಿಂತ ಬಹಳ ಹೆಚ್ಚಾಗಿರುತ್ತದೆ. ಸಿಲಿಕಾನಿನ ಸ್ವಭಾವವಾದರೋ, ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ಅದರಲ್ಲಿ ವೃಥಾ ಸೋರಿಹೋಗುವ ಪ್ರವಾಹವು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಸೆಲ್ಲಿನ ಆಯುಸ್ಸು, ತಂತಿಫಲಕದ ಬೆಸುಗೆ, ಪೆಟ್ಟಿಗೆಯ ರಬ್ಬರಿನ ಅಂಚು, ಇವೆಲ್ಲವೂ ಆ ಬೇಗೆಯಲ್ಲಿ ಬೇಗನೆ ಹಳತಾಗುತ್ತವೆ. ಮಳೆಗಾಲ ಬಂದಾಗ ಅದೇ ಸೀಳಿದ ಅಂಚಿನೊಳಗಿಂದ ತೇವ ನುಗ್ಗುತ್ತದೆ. ಇಲ್ಲಿನ ಬಿಸಿಲಿನಲ್ಲಿ, ಇಲ್ಲಿನ ಎರಿಧೂಳಿನಲ್ಲಿ ಇಡೀ ಒಂದು ವರ್ಷ ಪರೀಕ್ಷೆಗೆ ಒಳಪಡದ ಯಾವ ನಿಯಂತ್ರಕವನ್ನೂ ಸರಕಾರ ಕೊಳ್ಳಕೂಡದು. ಆ ಪರೀಕ್ಷೆಗೆ ಬೇಕಾದ ಹೊಲವೂ ವಿದ್ಯಾರ್ಥಿಗಳೂ ಬಾಗಲಕೋಟೆಯಲ್ಲಿಯೇ ಇದ್ದಾರೆ. 2008ರಲ್ಲಿ ಸ್ಥಾಪಿತವಾದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಒಂದು ಕಡೆಗಾದರೆ, ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1963ರಲ್ಲಿ ಆರಂಭಿಸಿದ ಎಂಜಿನಿಯರಿಂಗ್ ಮಹಾವಿದ್ಯಾಲಯ ಇನ್ನೊಂದು ಕಡೆಗೆ. ಮಣ್ಣನ್ನು ಬಲ್ಲವರೂ ಮಿಂಚುವಿದ್ಯೆಯನ್ನು ಬಲ್ಲವರೂ ಒಂದೇ ಊರಿನಲ್ಲಿರುವ ಈ ಅನುಕೂಲ ಎಲ್ಲ ಜಿಲ್ಲೆಗಳಿಗೂ ಲಭ್ಯವಾದುದಲ್ಲ.

ಇನ್ನು, ಚಿಪ್ಪಿನ ಅಲ್ಪಾಹಾರವೊಂದರಿಂದಲೇ ಕೆಲಸ ಮುಗಿಯುವುದಿಲ್ಲ. ವಾಲ್ವನ್ನು ತೆರೆಯುವ ವಿದ್ಯುತ್ಕಾಂತಕ್ಕೆ ತೆರೆದಿರುವಷ್ಟು ಹೊತ್ತೂ ಪ್ರವಾಹ ಬೇಕಾದರೆ ಬ್ಯಾಟರಿ ಒಂದೆರಡು ದಿನವೂ ತಡೆಯದು. ಅದಕ್ಕಾಗಿಯೇ, ಕ್ಷಣಮಾತ್ರ ಪ್ರವಾಹ ಹಾಯಿಸಿದೊಡನೆ ತೆರೆದುಕೊಂಡು, ಆ ಬಳಿಕ ಶಾಶ್ವತ ಅಯಸ್ಕಾಂತದ ಬಲದಿಂದಲೇ ತೆರೆದ ಸ್ಥಿತಿಯಲ್ಲಿ ನಿಂತು, ಮತ್ತೊಂದು ಕ್ಷಣದ ವಿರುದ್ಧ ಪ್ರವಾಹದಿಂದ ಮುಚ್ಚಿಕೊಳ್ಳುವ ಬಗೆಯ ವಾಲ್ವನ್ನು ಇಂಥ ಕಡೆ ಬಳಸುತ್ತಾರೆ. ದೂರದ ಕೇಂದ್ರದೊಡನೆ ಮಾತನಾಡುವ ರೇಡಿಯೋವಂತೂ ಮಹಾ ಭಕ್ಷಕ. ಮೊಬೈಲ್ ಜಾಲಕ್ಕೆ ಸಂದೇಶ ಕಳುಹುವ ಜಿಎಸ್‌ಎಂ ಭಾಗವು ಪ್ರಸಾರದ ಕ್ಷಣದಲ್ಲಿ 2 ಆಂಪಿಯರಿನಷ್ಟು ಪ್ರವಾಹವನ್ನು ಬೇಡುತ್ತದೆ. ಮಲಗಿದ ಚಿಪ್ಪಿನ ವ್ಯಯಕ್ಕೆ ಇದು 40 ಲಕ್ಷ ಪಟ್ಟು. ವಿವೇಕಿಯಾದ ರಚನಕಾರನು ತೀರ್ಮಾನವನ್ನೆಲ್ಲ ಹೊಲದಲ್ಲಿಯೇ ಮಾಡಿಸಿ, ಕೇಂದ್ರಕ್ಕೆ ದಿನಕ್ಕೊಂದೆರಡು ಬಾರಿ ಮಾತ್ರ ವರದಿ ಒಪ್ಪಿಸುವಂತೆ ಬರಹವನ್ನು ರೂಪಿಸುತ್ತಾನೆ. ಅವಿವೇಕಿಯು ನಿಮಿಷನಿಮಿಷಕ್ಕೂ ಕೇಂದ್ರವನ್ನು ಕೇಳುವಂತೆ ಬರೆದು, ಬ್ಯಾಟರಿಯನ್ನೂ ಸೌರಫಲಕವನ್ನೂ ದೊಡ್ಡದು ಮಾಡಿ, ಕಳ್ಳರ ಕಣ್ಣಿಗೆ ಬೀಳುವಂಥ ಬೆಲೆಬಾಳುವ ಸಾಮಾನುಗಳನ್ನು ಬಯಲಿನಲ್ಲಿ ನಿಲ್ಲಿಸುತ್ತಾನೆ. ಒಂದೇ ಚಿಪ್ಪು, ಒಂದೇ ವಾಲ್ವು. ಯೋಜನೆಯ ಯೋಗಕ್ಷೇಮವು ಒಳಗಿನ ಬರಹದ ಗುಣವನ್ನು ಅವಲಂಬಿಸಿದೆ.

ಈ ಜಿಲ್ಲೆಯ ರೈತನಿಗೆ ಇಂಥ ಉಪಕರಣ ಹೊಸತೆಂದು ಭಾವಿಸುವುದು ತಪ್ಪು. ನೀರಾವರಿ ಪಂಪುಗಳಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕರೆಂಟು ಎಂಬ ಸರಕಾರದ ನಿಯಮದಡಿಯಲ್ಲಿ, ಆ ಗಂಟೆಗಳಲ್ಲಿ ಕೆಲವು ನಡುರಾತ್ರಿಗೆ ಬೀಳುವುದರಿಂದ, ಹಾವು ಚೇಳಿನ ಭಯದ ನಡುವೆ ಬ್ಯಾಟರಿ ಹಿಡಿದು ಬದುವಿನ ಮೇಲೆ ನಡೆದು ಹೋಗಿ ಪಂಪು ಚಾಲೂ ಮಾಡುತ್ತಿದ್ದ ರೈತನು, ಇಂದು ಮನೆಯಲ್ಲಿ ಮಲಗಿದ್ದಲ್ಲಿಂದಲೇ ಫೋನು ಮಾಡಿ ಮೋಟಾರನ್ನು ತಿರುಗಿಸುತ್ತಾನೆ. ಮೊಬೈಲ್ ಸ್ಟಾರ್ಟರ್ ಎಂದು ಎಲ್ಲರೂ ಕರೆಯುವ ಆ ಪೆಟ್ಟಿಗೆಯಲ್ಲಿರುವುದೂ ಇದೇ ಚಿಪ್ಪು. ಪುಣೆಯ ಸಂತೋಷ್ ಓಸ್ತ್ವಾಲ್ ಎಂಬ ಎಂಜಿನಿಯರು ನ್ಯಾನೋ ಗಣೇಶ್ ಎಂಬ ಹೆಸರಿನಲ್ಲಿ ಇಂಥದೊಂದನ್ನು ರೂಪಿಸಿ ಪ್ರಸಿದ್ಧರಾದರು. ಅನಂತರ ಅನೇಕರು ಆ ದಾರಿ ಹಿಡಿದರು. ಸರಕಾರ ಯಾವ ಪ್ರಚಾರವನ್ನೂ ಮಾಡದೆಯೇ ಈ ಪೆಟ್ಟಿಗೆ ಊರೂರಿಗೆ ಹಬ್ಬಿದ ಕಾರಣ ಸ್ಪಷ್ಟವಾಗಿದೆ: ಕೊಳ್ಳುವವನೂ ತಾನೇ, ಗುಂಡಿ ಒತ್ತುವವನೂ ತಾನೇ, ಕೆಟ್ಟರೆ ಮರುದಿನವೇ ಬದಲಿಸುವವನೂ ತಾನೇ.

ಆ ಪಂಪಿನ ಮೋಟಾರಿನ ವಿಷಯವನ್ನೇ ನೋಡಿ. ಹುನಗುಂದದಲ್ಲಾಗಲಿ ಇಳಕಲ್ಲಿನಲ್ಲಾಗಲಿ ಬಾದಾಮಿಯಲ್ಲಾಗಲಿ ಮೋಟಾರು ವೈಂಡಿಂಗ್ ಮಾಡುವ ಅಂಗಡಿಯಿಲ್ಲದ ಪೇಟೆಬೀದಿ ಇರಲಾರದು. ಸುರುಳಿ ಸುಟ್ಟುಹೋದ ಮೋಟಾರನ್ನು ಅಲ್ಲಿಗೆ ಒಯ್ದರೆ, ಹಳೆಯ ತಾಮ್ರದ ತಂತಿಯನ್ನು ಬಿಚ್ಚುತ್ತ ಸುತ್ತುಗಳನ್ನು ಎಣಿಸಿ ಬರೆದುಕೊಂಡು, ಅಷ್ಟೇ ಗಾತ್ರದ ತಂತಿಯನ್ನು ಅಷ್ಟೇ ಸುತ್ತು ಸುತ್ತಿ, ವಾರ್ನಿಷ್ ಬಳಿದು ಒಣಗಿಸಿ ಹಿಂದಿರುಗಿಸುವ ಕುಶಲಕರ್ಮಿಯು, ಆ ಮೋಟಾರನ್ನು ಕಟ್ಟಿದ ಕಾರಖಾನೆಯ ಅನುಮತಿಗಾಗಿ ಎಂದೂ ಕಾಯಲಿಲ್ಲ. ಸುಟ್ಟ ಸುರುಳಿಯಲ್ಲಿಯೂ ಅದರ ರಚನೆಯ ರಹಸ್ಯವೆಲ್ಲ ಓದಿಕೊಳ್ಳುವಂತೆ ಉಳಿದಿರುತ್ತದೆ. ಮೈಕ್ರೋಕಂಟ್ರೋಲರಿನ ಗತಿ ಹೀಗಲ್ಲ. ಒಳಗಿನ ಬರಹವನ್ನು ಹೊರಗಿನವರು ಓದದಂತೆ ಬೀಗ ಹಾಕುವ ಏರ್ಪಾಡು ಬಹುಮಟ್ಟಿಗೆ ಎಲ್ಲ ಚಿಪ್ಪುಗಳಲ್ಲಿಯೂ ಉಂಟು. ಮಾರುವವರು ಅದನ್ನು ತಪ್ಪದೆ ಬಳಸುತ್ತಾರೆ. ಸಿಡಿಲಿನ ಹೊಡೆತಕ್ಕೆ ಚಿಪ್ಪು ಸುಟ್ಟರೆ, ಅಂಥದೇ ಖಾಲಿ ಚಿಪ್ಪನ್ನು ನೂರಿನ್ನೂರು ರೂಪಾಯಿಗೆ ತರಿಸಿ ಬೆಸುಗೆ ಹಾಕಬಲ್ಲ ಹುಡುಗರು ಬಾಗಲಕೋಟೆಯ ಮೊಬೈಲ್ ರಿಪೇರಿ ಅಂಗಡಿಗಳಲ್ಲಿ ಇದ್ದಾರೆ. ಆದರೆ ಆ ಖಾಲಿ ಚಿಪ್ಪಿನೊಳಕ್ಕೆ ತುಂಬತಕ್ಕ ಬರಹವೇ ಅವರ ಕೈಯಲ್ಲಿಲ್ಲ. ಅದು ಬೇರೆ ರಾಜ್ಯದಲ್ಲೋ ಬೇರೆ ದೇಶದಲ್ಲೋ ಇರುವ ಕಂಪನಿಯೊಂದರ ಗಣಕದಲ್ಲಿದೆ. ನಿರ್ವಹಣೆಯ ಕರಾರು ಮುಗಿದ ದಿನ ಅದು ಈ ನೆಲಕ್ಕೆ ಇಲ್ಲದಂತೆಯೇ ಆಗುತ್ತದೆ.

ರಾಮಥಾಳ ಯೋಜನೆಯ ಹಲವು ಭಾಗಗಳಲ್ಲಿ ಹನಿ ಕೊಳವೆಗಳು ಬಳಕೆಯಿಂದ ತಪ್ಪಿಹೋಗಿರುವುದೂ, ನಿರ್ವಹಣೆಯ ಬಗೆಗೆ ರೈತರಲ್ಲಿ ಅಸಮಾಧಾನವಿರುವುದೂ ವರದಿಯಾಗಿವೆ. ಅದಕ್ಕೆ ಚಿಪ್ಪೊಂದೇ ಕಾರಣವೆಂದು ನಾನು ಹೇಳಿದರೆ ಅದು ಸತ್ಯಕ್ಕೆ ಅಪಚಾರವಾದೀತು. ಕಾಲುವೆಯ ನೀರು ಹೊಲದ ತುಂಬ ಹರಿಯುವುದನ್ನು ಕಂಡು ಬಯಸಿದವನಿಗೆ ಹನಿಯಲ್ಲಿ ನಂಬಿಕೆ ಮೂಡಿಸುವುದು ಕಷ್ಟ; ರಂಟೆ ಹೊಡೆಯುವಾಗ ಅಡ್ಡಬರುವ ಕೊಳವೆ, ಅದನ್ನು ಕಡಿಯುವ ಇಲಿ, ಹಿಡುವಳಿಗಳ ಅಸಮ ವಿಸ್ತೀರ್ಣ, ನೆರೆಹೊರೆಯ ಸರದಿಯ ತಕರಾರು, ಇವೆಲ್ಲಕ್ಕೂ ಪಾಲುಂಟು. ಆದರೆ ಒಂದು ವಾಲ್ವು ನಿಂತುಹೋದಾಗ ಅದು ಏಕೆ ನಿಂತಿತೆಂದು ನೋಡಿ ಹೇಳಬಲ್ಲವನೊಬ್ಬ ಊರಿನಲ್ಲಿದ್ದರೆ ರೈತನ ಮನಸ್ಸು ಒಂದು ತೆರನಾಗಿರುತ್ತದೆ; ಬಾಯಿಮುಚ್ಚಿದ ಪೆಟ್ಟಿಗೆಯೆದುರು ನಿಂತು ಬಾರದ ತಂತ್ರಜ್ಞನ ಹಾದಿ ಕಾಯಬೇಕಾದರೆ ಇನ್ನೊಂದು ತೆರನಾಗುತ್ತದೆ. ತನ್ನದಲ್ಲವೆಂದು ತೋರಿದ ವಸ್ತುವನ್ನು ಯಾರೂ ಕಾಪಾಡುವುದಿಲ್ಲ. ಮಲಪ್ರಭಾ ಅಚ್ಚುಕಟ್ಟಿನ ರೈತರು 1980ರಲ್ಲಿ ನರಗುಂದ ನವಲಗುಂದಗಳಲ್ಲಿ ಬಂಡೆದ್ದುದರ ಹಿಂದೆ ಕರದ ಭಾರದ ಜೊತೆಗೆ, ತಮ್ಮ ಮಾತಿಗೆ ಎಡೆಯಿಲ್ಲದ ಯೋಜನೆಯೊಂದರ ಲೆಕ್ಕವನ್ನು ತಾವು ತೆರಬೇಕಾಯಿತೆಂಬ ಕೊರಗೂ ಇದ್ದಿತು. ನೀರಾವರಿಯನ್ನು ನಡೆಸುವವರು ಆ ಪ್ರಕರಣವನ್ನು ಹಳೆಯ ಕಡತವೆಂದು ಬದಿಗಿಡುವುದು ತರವಲ್ಲ.

ಈ ಸೀಮೆಯ ಹಳೆಯ ಕೆಲಸಗಾರರ ನಡವಳಿಕೆ ಬೇರೆಯಾಗಿತ್ತು. ಪಟ್ಟದಕಲ್ಲಿನಲ್ಲಿ ಚಾಲುಕ್ಯ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದಲ್ಲಿ, ಅದನ್ನು ನಿರ್ಮಿಸಿದ ಅನಿವಾರಿತಾಚಾರಿ ಗುಂಡನ ಹೆಸರನ್ನೂ ಸರ್ವಸಿದ್ಧಿ ಆಚಾರಿಯ ಹೆಸರನ್ನೂ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಯಾರು ಕಟ್ಟಿದರು, ಯಾರು ಕಟ್ಟಿಸಿದರು ಎಂಬುದನ್ನು ಸಾವಿರದಿನ್ನೂರು ವರ್ಷಗಳಾದ ಮೇಲೂ ಓದಿಕೊಳ್ಳಬಹುದು. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆಬೇರೆಯಾಗಿ ಹೂಡಿ ಎಳೆಎಳೆಗೂ ಕೊಂಡಿ ಹಾಕಿ ಸೇರಿಸುವ ಕಲೆಯು ಯಾವ ಕಂಪನಿಯ ಬೀಗದಲ್ಲಿಯೂ ಇಲ್ಲ. ಮನೆಯ ಹೆಂಗಸರಿಂದ ಮೊದಲಾಗಿ ಮಗ್ಗದ ಮೇಲೆ ಕೂತವನವರೆಗೆ ಎಲ್ಲರ ಕಣ್ಣಿಗೂ ಕಾಣುವಂಥದು. ಗಣಕಯಂತ್ರದ ಪೂರ್ವಚರಿತ್ರೆಯಲ್ಲಿ ಮಗ್ಗಕ್ಕೊಂದು ಗೌರವದ ಸ್ಥಾನವಿರುವುದನ್ನು ಇಲ್ಲಿ ನೆನೆಯಬೇಕು. ಫ್ರಾನ್ಸಿನ ಲಿಯೋನ್ ನಗರದ ಜಕಾರ್ಡನು 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ಯಾವ ಎಳೆ ಏಳಬೇಕು, ಯಾವುದು ಏಳಬಾರದು ಎಂಬ ಆದೇಶವು ರಟ್ಟಿನ ಹಾಳೆಯ ತೂತುಗಳಲ್ಲಿದ್ದಿತು. ತೂತು ತಪ್ಪಾಗಿದ್ದರೆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಬೇರೊಂದನ್ನು ಕೊರೆದುಕೊಳ್ಳಬಹುದಾಗಿತ್ತು. ಅದೇ ಬಗೆಯ ಆದೇಶವು ಚಿಪ್ಪಿನೊಳಕ್ಕೆ ಸೇರಿ ಕಣ್ಮರೆಯಾಗಿರುವ ಈ ಕಾಲದಲ್ಲಿ, ಅದನ್ನು ಬೆಳಕಿಗೆ ಹಿಡಿಯುವ ಹಕ್ಕನ್ನು ಕರಾರಿನ ಕಾಗದದಲ್ಲಿಯೇ ಬರೆಸಿಕೊಳ್ಳಬೇಕಾಗಿದೆ.

ಇದಕ್ಕೆ ಎರಡು ಆಕ್ಷೇಪಗಳು ಬರುವುದುಂಟು. ಬರಹವು ವ್ಯಾಪಾರದ ಗುಟ್ಟು, ಅದನ್ನು ಬಿಟ್ಟುಕೊಡೆಂದರೆ ಯಾರೂ ಟೆಂಡರು ಹಾಕಲಾರರು ಎಂಬುದು ಮೊದಲನೆಯದು. ತೇವವನ್ನು ಅಳೆದು ವಾಲ್ವು ತೆರೆಯುವ ಬರಹದಲ್ಲಿ ಜಗತ್ತಿಗೆ ತಿಳಿಯದ ಗುಟ್ಟು ಏನೂ ಇಲ್ಲ. ಎಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿಗಳು ಪ್ರತಿವರ್ಷ ಅಂಥದನ್ನು ಪ್ರಾಜೆಕ್ಟೆಂದು ಬರೆದು ಒಪ್ಪಿಸುತ್ತಾರೆ. ಸಂಸ್ಥೆಗೆ ಲಾಭ ಬರತಕ್ಕದ್ದು ಗಟ್ಟಿಯಾದ ವಾಲ್ವಿನಿಂದ, ಬಾಳುವ ಕೊಳವೆಯಿಂದ, ಸಕಾಲದ ಸೇವೆಯಿಂದ. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಬರಹ ಎಲ್ಲರ ಕೈಗೆ ಸಿಕ್ಕಿದರೆ ಬಲಿಷ್ಠನು ಅದನ್ನು ತಿದ್ದಿ ನೆರೆಯವನ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಳ್ಳಲಾರನೆ? ಆದರೆ ಬರಹವನ್ನು ಓದುವುದು ಬೇರೆ, ಹೊಲದ ಚಿಪ್ಪಿಗೆ ಅದನ್ನು ತುಂಬುವ ಅಧಿಕಾರ ಬೇರೆ. ತುಂಬುವುದಕ್ಕೆ ಬೇಕಾದ ಗುಪ್ತಸಂಖ್ಯೆಯು ನಿಗಮದ ಹೊಣೆಗಾರ ಅಧಿಕಾರಿಯಲ್ಲಿಯೂ ನೀರು ಬಳಕೆದಾರರ ಸಹಕಾರ ಸಂಘದಲ್ಲಿಯೂ ಇರಲಿ, ಇಬ್ಬರೂ ಒಪ್ಪಿದ ಹೊರತು ಬದಲಾವಣೆ ಆಗದಿರಲಿ. ಬರಹವನ್ನು ಮಾತ್ರ ಯಾರು ಬೇಕಾದರೂ ಓದಿ ಪರೀಕ್ಷಿಸಲಿ. ಹಾಗೆ ಓದಲು ಬಿಟ್ಟಲ್ಲಿಯೇ ಮೋಸ ಬೇಗ ಸಿಕ್ಕಿಬೀಳುತ್ತದೆ.

ಚಿಪ್ಪುಗಳ ವಿನ್ಯಾಸವು ನಮ್ಮ ರಾಜ್ಯಕ್ಕೆ ಅಪರಿಚಿತವಾದ ವಿದ್ಯೆಯಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ತನ್ನ ವಿನ್ಯಾಸಕೇಂದ್ರವನ್ನು ಬೆಂಗಳೂರಿನಲ್ಲಿ ತೆರೆದುದು 1985ರಲ್ಲಿ. ಅನಂತರದ ನಾಲ್ಕು ದಶಕಗಳಲ್ಲಿ ಜಗತ್ತಿನ ಹೆಸರಾಂತ ಚಿಪ್ ಸಂಸ್ಥೆಗಳು ಒಂದೊಂದಾಗಿ ಆ ನಗರಕ್ಕೆ ಬಂದು ನೆಲೆಸಿವೆ. ಕರೆಂಟಿಲ್ಲದ ಹಳ್ಳಿಯಲ್ಲಿಯೂ ಬ್ಯಾಟರಿಯ ಬಲದಿಂದ ನಡೆಯುವ ಮತಯಂತ್ರವನ್ನು ತಯಾರಿಸಿದ ಎರಡು ಸಾರ್ವಜನಿಕ ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತ್ ಇಲೆಕ್ಟ್ರಾನಿಕ್ಸ್ ಒಂದು. ಇತ್ತೀಚೆಗಂತೂ, ಯಾರೊಬ್ಬರ ಪರವಾನಗಿಗೂ ಕಾಯದೆ ಬಳಸಬಹುದಾದ ರಿಸ್ಕ್-ಫೈವ್ ಎಂಬ ಮುಕ್ತ ಆದೇಶಸಂಹಿತೆಯ ಮೇಲೆ ಮದರಾಸಿನ ಐಐಟಿಯು ಶಕ್ತಿ ಎಂಬ ಪ್ರಾಸೆಸರ್‌ಗಳನ್ನೂ, ಸಿ-ಡ್ಯಾಕ್ ಸಂಸ್ಥೆಯು ವೇಗಾ ಎಂಬ ಮಾಲಿಕೆಯನ್ನೂ ತೇಜಸ್32 ಎಂಬ ಮೈಕ್ರೋಕಂಟ್ರೋಲರನ್ನೂ ಸಿದ್ಧಪಡಿಸಿವೆ. ಇಷ್ಟೆಲ್ಲ ವಿದ್ಯೆ ನಮ್ಮ ನಡುವೆಯೇ ಇರುವಾಗ, ರಾಜಧಾನಿಯಿಂದ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿರುವ ಹುನಗುಂದದಲ್ಲಿ ಕೆಟ್ಟ ಪೆಟ್ಟಿಗೆಯೊಂದನ್ನು ತೆರೆದು ನೋಡುವವರಿಲ್ಲವೆಂಬುದು ನನಗೆ ಅತ್ಯಂತ ವೇದನೆಯ ಸಂಗತಿಯಾಗಿ ಕಾಣುತ್ತದೆ.

ಮಾಡಬೇಕಾದುದು ಬಹಳ ಖರ್ಚಿನ ಕೆಲಸವೂ ಅಲ್ಲ. ಹೊಲದಲ್ಲಿ ನಿಲ್ಲಿಸುವ ಪ್ರತಿಯೊಂದು ನಿಯಂತ್ರಕದ ತಂತಿಚಿತ್ರವನ್ನೂ ಮೂಲಬರಹವನ್ನೂ ಗುತ್ತಿಗೆದಾರನು ನಿಗಮಕ್ಕೆ ಒಪ್ಪಿಸಬೇಕು. ನಿಗಮವು ಅವುಗಳ ಪ್ರತಿಯನ್ನು ಜಿಲ್ಲೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ತಾಲ್ಲೂಕಿನ ಐಟಿಐಗಳಲ್ಲಿಯೂ ಇಡಬೇಕು. ಕೊನೆಯ ಹಣ ಪಾವತಿಯಾಗುವ ಮೊದಲು, ಗುತ್ತಿಗೆದಾರನ ನೆರವಿಲ್ಲದೆ ಸ್ಥಳೀಯ ತರುಣರೇ ಖಾಲಿ ಚಿಪ್ಪಿಗೆ ಬರಹ ತುಂಬಿ ವಾಲ್ವೊಂದನ್ನು ನಡೆಸಿ ತೋರಿಸಬೇಕು. ಈ ಕೊನೆಯ ನಿಬಂಧನೆಯೇ ಎಲ್ಲಕ್ಕಿಂತ ಮುಖ್ಯವಾದುದು, ಏಕೆಂದರೆ ಕಾಗದಪತ್ರಗಳನ್ನು ಒಪ್ಪಿಸಿದಂತೆ ತೋರಿಸಿ ಅಸಂಪೂರ್ಣವಾದುದನ್ನು ಕೊಟ್ಟುಹೋಗುವುದು ಸುಲಭ. ಕೈಪಿಡಿಯು ಕನ್ನಡದಲ್ಲಿರಬೇಕೆಂದು ಬೇರೆಯಾಗಿ ಹೇಳಬೇಕಾಗಿಲ್ಲವಾದರೂ, ಹೇಳದಿದ್ದರೆ ಅದು ಇರುವುದಿಲ್ಲವೆಂಬುದು ಅನುಭವ. ಹುನಗುಂದದ ಹೊಲಗಳಲ್ಲಿ ಈಗ ಸುಮ್ಮನೆ ನಿಂತಿರುವ ಪೆಟ್ಟಿಗೆಗಳಿಂದಲೇ ಈ ಶಿಕ್ಷಣವನ್ನು ಆರಂಭಿಸಬಹುದು. ಬೀಗ ಬಿದ್ದ ಹಳೆಯ ಚಿಪ್ಪನ್ನು ಕಿತ್ತು ಹೊಸದನ್ನು ಕೂಡಿಸಿ, ನಮ್ಮ ವಿದ್ಯಾರ್ಥಿಗಳೇ ಬರಹವನ್ನು ಮೊದಲಿನಿಂದ ಬರೆಯಲಿ.

ಇದಕ್ಕೆ ಕಾಲವೂ ಬಂದಿದೆ. ಕೃಷ್ಣಾ ನ್ಯಾಯಮಂಡಳಿಯಿಂದ ದೊರೆತ ಹೆಚ್ಚುವರಿ ನೀರಿನಲ್ಲಿ 130 ಟಿಎಂಸಿಯನ್ನು ಬಳಸಿಕೊಳ್ಳುವುದಕ್ಕಾಗಿ ಆಲಮಟ್ಟಿಯ ಜಲಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಕೃಷ್ಣಾ ಮೇಲ್ದಂಡೆಯ ಮೂರನೆಯ ಹಂತವು ಸರಕಾರದ ಮುಂದಿದೆ. ಅದರಿಂದ ಮುಳುಗುವ ನೆಲದಲ್ಲಿ ಬಾಗಲಕೋಟೆಯದು ದೊಡ್ಡ ಪಾಲು, ಹಿಂದೆಯೂ ಅದು ತನ್ನ ಹಳೆಯ ಊರಿನ ಬಹುಭಾಗವನ್ನು ಹಿನ್ನೀರಿಗೆ ಒಪ್ಪಿಸಿ ನವನಗರಕ್ಕೆ ಬಂದುದೇ. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಸೌರಫಲಕದ ಬಲದಿಂದ ತಾವೇ ತೆರೆದು ಮುಚ್ಚುವ ಸಾವಿರಾರು ಗೇಟುಗಳನ್ನು ಈಗಾಗಲೇ ಅಳವಡಿಸಿದ್ದಾರೆ. ಮೂರನೆಯ ಹಂತದ ಕಾಲುವೆಗಳಲ್ಲಿಯೂ ಹನಿ ಜಾಲಗಳಲ್ಲಿಯೂ ಇಂಥ ನಿಯಂತ್ರಕಗಳು ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಬರಲಿರುವುದು ನಿಶ್ಚಯ. ಆ ಟೆಂಡರುಗಳ ಕರಡು ಸಿದ್ಧವಾಗುವ ಹಂತದಲ್ಲಿಯೇ ಮೇಲಿನ ನಿಬಂಧನೆಗಳು ಅವುಗಳಲ್ಲಿ ಸೇರಬೇಕು. ಕರಾರಿಗೆ ರುಜು ಬಿದ್ದ ಮೇಲೆ ಈ ಮಾತನ್ನು ಎತ್ತಿದರೆ, ಮೂಲಬರಹವು ಗುತ್ತಿಗೆದಾರನ ಸ್ವತ್ತೆಂಬ ಉತ್ತರವನ್ನು ನಿಗಮದ ಎಂಜಿನಿಯರೇ ರೈತರಿಗೆ ಕೊಡಬೇಕಾಗುತ್ತದೆ, ಮತ್ತು ಕಾನೂನಿನ ದೃಷ್ಟಿಯಲ್ಲಿ ಅವರ ಉತ್ತರ ಸರಿಯಾಗಿಯೇ ಇರುತ್ತದೆ.